ತೋಳು ಎಲ್ಲಿಂದ ಶುರುವಾಗುತ್ತದೆ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಚಿತ್ರಕಲೆ ಮತ್ತು ಶಿಲ್ಪವನ್ನು ಕಲಿಯುತ್ತಿರುವ ವಿದ್ಯಾರ್ಥಿ. ಅಂಗರಚನೆಯ ಪುಸ್ತಕವೊಂದನ್ನು ಮುಂದಿಟ್ಟುಕೊಂಡು ಸ್ನಾಯುಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿದ್ದೇನೆ. ಆದರೂ ಕೈ ಮೇಲೆತ್ತಿ ನಿಂತ ಆಕೃತಿಯನ್ನು ಬರೆದರೆ ತೋಳನ್ನು ಬೇರೆಲ್ಲಿಂದಲೋ ತಂದು ಅಂಟಿಸಿದಂತೆ ಕಾಣುತ್ತದೆ. ಮಣ್ಣಿನಲ್ಲಿ ಮಾಡಿದರೆ ಮೈಯೆಲ್ಲ ಗಂಟುಗಂಟಾಗುತ್ತದೆ. ಜೊತೆಗೆ, ಪುಸ್ತಕವು ದೇಹದ ಎತ್ತರ ಏಳೂವರೆ ತಲೆ ಎನ್ನುತ್ತದೆ, ವಿಗ್ರಹ ಕೆತ್ತುವ ನಮ್ಮ ಸೋದರಮಾವ ಒಂಬತ್ತು ತಾಳ ಎನ್ನುತ್ತಾರೆ. ಯಾವುದನ್ನು ನಂಬಲಿ?

ಉತ್ತರ: ಕೊನೆಯ ಸಂದೇಹವನ್ನು ಮೊದಲು ಬಗೆಹರಿಸೋಣ, ಏಕೆಂದರೆ ಅದು ಅಳತೆಗೋಲಿನ ಗೊಂದಲವಷ್ಟೇ. ತಾಳವೆಂದರೆ ಹಣೆಯ ಕೂದಲಂಚಿನಿಂದ ಗಲ್ಲದವರೆಗಿನ ಮುಖದ ಉದ್ದ. ಪುಸ್ತಕದ ‘ತಲೆ’ಯಾದರೋ ನೆತ್ತಿಯಿಂದ ಗಲ್ಲದವರೆಗಿನದು. ಒಂದು ತಾಳವನ್ನು ಹನ್ನೆರಡು ಪಾಲು ಮಾಡಿದರೆ ಒಂದು ಪಾಲೇ ಒಂದು ಅಂಗುಲ, ಇದು ಇಂಚಲ್ಲ. ನವತಾಳದಲ್ಲಿ, ಅಂದರೆ ಒಂಬತ್ತು ತಾಳದ ಅಳತೆಯಲ್ಲಿ, ಮುಖ 12 ಅಂಗುಲ, ಕೊರಳು 4, ಅಲ್ಲಿಂದ ಎದೆಗೆ 12, ಹೊಕ್ಕುಳಿಗೆ 12, ಕಿಬ್ಬೊಟ್ಟೆಯ ಬುಡಕ್ಕೆ 12, ತೊಡೆ 24, ಮಂಡಿ 4, ಕಣಕಾಲು 24, ಪಾದ 4, ಒಟ್ಟು 108 ಅಂಗುಲ. ಮುಖದ ಮೇಲಿನ ತಲೆಗೂದಲ ಭಾಗಕ್ಕೆ 4 ಅಂಗುಲ ಹಿಡಿದರೆ ಎತ್ತರ 112 ಆಗುತ್ತದೆ, ತಲೆ 16 ಆಗುತ್ತದೆ. ಭಾಗಿಸಿ ನೋಡಿದರೆ ಸರಿಯಾಗಿ ಏಳು ತಲೆ. ನಿಮ್ಮ ಸೋದರಮಾವನವರಿಗೂ ಪುಸ್ತಕಕ್ಕೂ ಇರುವ ಜಗಳ ಅರ್ಧ ತಲೆಯದು ಮಾತ್ರ. ಆದರೆ ಎರಡೂ ನೆಟ್ಟಗೆ ನಿಂತ ದೇಹದ ಲೆಕ್ಕಗಳು. 1224ರಲ್ಲಿ ಕಟ್ಟಿದ ಹರಿಹರೇಶ್ವರ ದೇವಾಲಯದ ಮೂರ್ತಿಯಂತೆ ಸಮವಾಗಿ ನಿಂತ ವಿಗ್ರಹಕ್ಕೆ ಒದಗುವ ಲೆಕ್ಕವು ಕೈ ಬೀಸುವ ಮನುಷ್ಯನಿಗೆ ಸಾಲದು.

ತೋಳು ಅಂಟಿಸಿದಂತೆ ಕಾಣುವ ದೋಷ ತೋಳಿನಲ್ಲಿಲ್ಲ. ಕೈಯನ್ನು ಪೂರ್ತಿ ಮೇಲೆತ್ತುವಾಗ ಆಗುವ ಸುಮಾರು 180 ಡಿಗ್ರಿ ಚಲನೆಯಲ್ಲಿ ತೋಳಿನ ಎಲುಬು ಹೆಗಲ ಕೀಲಿನಲ್ಲಿ ತಿರುಗುವುದು ಸುಮಾರು 120 ಡಿಗ್ರಿ. ಉಳಿದದ್ದನ್ನು ಬೆನ್ನ ಮೇಲ್ಭಾಗದ ತ್ರಿಕೋನಾಕಾರದ ಹೆಗಲೆಲುಬು ಪಕ್ಕೆಲುಬುಗಳ ಮೇಲೆ ಜಾರಿ ತಿರುಗುತ್ತ ಒದಗಿಸುತ್ತದೆ, ಕೊರಳೆಲುಬಿನ ಹೊರತುದಿಯೂ ಅದರೊಡನೆ ಏಳುತ್ತದೆ. ಗೆಳೆಯನೊಬ್ಬನ ಬೆನ್ನಿನ ಮೇಲೆ ಅಂಗೈಯಿಟ್ಟು, ಅವನು ಕೈಯೆತ್ತುವಾಗ ಆ ಎಲುಬಿನ ಕೆಳಮೂಲೆ ಕಂಕುಳ ಕಡೆಗೆ ಸರಿಯುವುದನ್ನು ಮುಟ್ಟಿ ನೋಡಿ. ಇಡೀ ತೋಳಿಗೂ ಮುಂಡಕ್ಕೂ ಎಲುಬಿನ ಕೀಲು ಇರುವುದು ಒಂದೇ ಕಡೆ, ಕೊರಳೆಲುಬು ಎದೆಯೆಲುಬನ್ನು ಸೇರುವಲ್ಲಿ. ಆದ್ದರಿಂದ ಚಿತ್ರಕಾರನ ಪಾಲಿಗೆ ತೋಳು ಶುರುವಾಗುವುದು ಹೆಗಲಿನಿಂದಲ್ಲ, ಗಂಟಲ ಗುಳಿಯ ಪಕ್ಕದಿಂದ.

ಇನ್ನು ಗಂಟುಗಳ ವಿಷಯ. ತಾನೇ ಶವಗಳನ್ನು ಛೇದಿಸಿ ಕಲಿತ ಲಿಯೊನಾರ್ಡೊ ಡಾ ವಿಂಚಿಯೇ, ಎಲ್ಲ ಸ್ನಾಯುಗಳನ್ನೂ ಎದ್ದು ಕಾಣಿಸಿದರೆ ದೇಹವು ಅಕ್ರೋಟು ತುಂಬಿದ ಚೀಲದಂತಾಗುತ್ತದೆ ಎಂದು ಎಚ್ಚರಿಸಿದ್ದ. ಮೊಣಕೈ ಮಡಚಿ ಭಾರವನ್ನೆತ್ತುವಾಗ ತೋಳಿನ ಮುಂದಿನ ಸ್ನಾಯು ಬಿಗಿಯುತ್ತದೆ, ಹಿಂದಿನದು ಸಡಿಲವಾಗಿರುತ್ತದೆ. ಎರಡನ್ನೂ ಉಬ್ಬಿಸುವುದೇ ನಿಮ್ಮ ತಪ್ಪಿರಬೇಕು. ನಮ್ಮೂರಿನ ಗರಡಿಮನೆಗಳು ಇದಕ್ಕೆ ಒಳ್ಳೆಯ ಪಾಠಶಾಲೆ. ವಸ್ತಾದರ ಅನುಮತಿ ಪಡೆದು, ಒಬ್ಬನೇ ಪೈಲ್ವಾನನ ಮೀನಖಂಡವನ್ನು ಅವನು ಪಟ್ಟು ಹಾಕಿ ಒತ್ತುವಾಗ ಒಮ್ಮೆ, ದಣಿದು ಕುಳಿತಾಗ ಒಮ್ಮೆ ಬರೆದುಕೊಳ್ಳಿ.

ಸ್ನಾಯುಗಳಿಗಿಂತ ಮೊದಲು ಎಲುಬುಗಳನ್ನು ಕಲಿಯಬೇಕೆಂಬುದು ನನ್ನ ಅಭಿಪ್ರಾಯ. ವಯಸ್ಕರಲ್ಲಿರುವ 206 ಎಲುಬುಗಳೂ ಬೇಡ; ಚರ್ಮದ ಕೆಳಗೇ ಬೆರಳಿಗೆ ಸಿಗುವ ಕೊರಳೆಲುಬು, ಮೊಣಕೈಯಿಂದ ಕಿರುಬೆರಳ ಕಡೆಯ ಮಣಿಕಟ್ಟಿಗೆ ಹರಿಯುವ ಏಣು, ಟೊಂಕದ ಅಂಚು, ಮಂಡಿಚಿಪ್ಪು, ಕಣಕಾಲಿನ ಮುಂಭಾಗ ಇವಿಷ್ಟು ಸಾಕು. ಪಾದದ ಹರಡಿನಲ್ಲಿ ಒಳಗಿನ ಗಿಣ್ಣು ಹೊರಗಿನದಕ್ಕಿಂತ ಮೇಲಿರುತ್ತದೆ. ಇದನ್ನು ತಪ್ಪಿದ ಕಾಲು ಎಷ್ಟು ಚೆನ್ನಾಗಿ ತೀಡಿದರೂ ಮರದ ಗೊಂಬೆಯದೇ.

ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಅಸ್ಥಿಪಂಜರ ನೋಡಲು ನಿಮ್ಮ ಪ್ರಾಂಶುಪಾಲರ ಮೂಲಕ ಪತ್ರ ಬರೆದು ಕೇಳಿ. ಅವಕಾಶ ಸಿಕ್ಕರೆ ಮೊಬೈಲನ್ನು ಹೊರಗಿಟ್ಟು ಕಾಗದ, ಪೆನ್ಸಿಲ್ ಒಯ್ದು, ಆ ಹೆಗಲೆಲುಬೊಂದನ್ನೇ ನಾಲ್ಕೂ ಕಡೆಯಿಂದ ಬರೆದು ತನ್ನಿ.