ಗಿಡಕ್ಕೆ ಕಣ್ಣಿಲ್ಲ, ಕಿಟಕಿ ಗೊತ್ತು

ಪ್ರಶ್ನೆ: ಅಡುಗೆಮನೆಯ ಕಿಟಕಿಯಲ್ಲಿ ಕುಂಡವಿಟ್ಟು ಮೆಂತ್ಯ ಬೆಳೆಸಿದ್ದೇನೆ. ಸಸಿಗಳೆಲ್ಲ ಸರಳುಗಳ ಕಡೆಗೆ ವಾಲುತ್ತವೆ. ಕುಂಡ ತಿರುಗಿಸಿಟ್ಟರೂ ಮರುದಿನ ಮತ್ತೆ ಅತ್ತಲೇ ಮುಖ. ಹಿತ್ತಲಲ್ಲಿ ಅವರೆ ಬೀಜವನ್ನು ಹೇಗೆ ಹೂತರೂ ಬೇರು ಕೆಳಗೇ ಇಳಿಯುತ್ತದೆ. ಕಣ್ಣು, ಕಿವಿ ಇಲ್ಲದ ಇವಕ್ಕೆ ದಿಕ್ಕು ತಿಳಿಯುವುದು ಹೇಗೆ, ಮೇಡಂ?
– ಓದುಗರೊಬ್ಬರು, ಶಿರಸಿ

ಉತ್ತರ: ‘ಗಿಡ ಬೆಳಕನ್ನು ಹುಡುಕಿಕೊಂಡು ಹೋಗುತ್ತದೆ’ ಎಂದು ಯಾರಾದರೂ ಉತ್ತರಪತ್ರಿಕೆಯಲ್ಲಿ ಬರೆದರೆ ನಾನು ಅರ್ಧ ಅಂಕ ಕಳೆಯುತ್ತಿದ್ದೆ. ನಿವೃತ್ತಿಯಾದರೂ ಆ ಚಾಳಿ ಬಿಟ್ಟಿಲ್ಲ. ಗಿಡ ಎಲ್ಲಿಗೂ ಹೋಗುವುದಿಲ್ಲ, ಏನನ್ನೂ ಹುಡುಕುವುದಿಲ್ಲ. ನಿಮ್ಮ ಮೆಂತ್ಯದ ದಂಟಿನಲ್ಲಿ ನೆರಳಿನ ಮಗ್ಗುಲು ಬೆಳಕಿನ ಮಗ್ಗುಲಿಗಿಂತ ಬೇಗ ಉದ್ದವಾಗುತ್ತದೆ. ಒಂದು ಮಗ್ಗುಲು ಉದ್ದ, ಇನ್ನೊಂದು ಗಿಡ್ಡವಾದ ಮೇಲೆ ದಂಟು ಗಿಡ್ಡ ಮಗ್ಗುಲಿನತ್ತ ಬಾಗಲೇಬೇಕು. ಬಲಿತ ದಂಟು ಹಾಗೆ ಬಾಗುವುದಿಲ್ಲ, ಏಕೆಂದರೆ ಅಲ್ಲಿ ಉದ್ದವಾಗುವ ಕೆಲಸ ಮುಗಿದಿರುತ್ತದೆ.

ಬೆಳಕು ಯಾವ ಕಡೆ ಇದೆ ಎಂಬುದು ತಿಳಿಯುವುದು ಎಲ್ಲಿ? ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಈ ಬಗೆಗಿನ ಪ್ರಯೋಗಗಳನ್ನು 1880ರಲ್ಲಿ ಪ್ರಕಟಿಸಿದರು. ಹುಲ್ಲಿನ ಸಸಿಯ ತುದಿಗೆ ಬೆಳಕು ತೂರದ ಪುಟ್ಟ ಟೊಪ್ಪಿಗೆ ಹಾಕಿದರೆ ಸಸಿ ಬಾಗಲಿಲ್ಲ. ತುದಿಯನ್ನು ಬಿಟ್ಟು ಬುಡವನ್ನು ಮುಚ್ಚಿದರೆ ಬಾಗಿತು. ಅಂದರೆ ತಿಳಿಯುವುದು ತುದಿಗೆ, ಬಾಗುವುದು ಅದರ ಕೆಳಗಿನ ಭಾಗ. ನಡುವೆ ಏನೋ ಒಂದು ಸುದ್ದಿ ಇಳಿದು ಬರಬೇಕಲ್ಲ! ಅದನ್ನು ಹಿಡಿದವರು ಹಾಲೆಂಡಿನ ಫ್ರಿಟ್ಸ್ ವೆಂಟ್, 1920ರ ದಶಕದಲ್ಲಿ. ಕತ್ತರಿಸಿದ ತುದಿಗಳನ್ನು ಅಗರ್ ಎಂಬ ಜೆಲ್ಲಿಯ ತುಣುಕಿನ ಮೇಲಿಟ್ಟು, ತುದಿಯಿಂದ ಇಳಿಯುವ ವಸ್ತು ಅದರೊಳಗೆ ಸೇರಿಕೊಳ್ಳಲು ಬಿಟ್ಟರು. ಆಮೇಲೆ ಆ ತುಣುಕನ್ನು ತುದಿಯಿಲ್ಲದ ಸಸಿಯ ಒಂದು ಬದಿಗೆ ಮಾತ್ರ ಕೂರಿಸಿದರೆ, ಕತ್ತಲಲ್ಲೂ ಸಸಿ ಮತ್ತೊಂದು ಬದಿಗೆ ಬಾಗಿತು. ಆಕ್ಸಿನ್ ಎಂದು ಹೆಸರಾದದ್ದು ಆ ವಸ್ತುವೇ.

ಒಂದು ಜಗಳ ಇಲ್ಲೇ ಆಡಿಬಿಡುತ್ತೇನೆ. ‘ಬೆಳಕು ಬಿದ್ದ ಕಡೆ ಆಕ್ಸಿನ್ ನಾಶವಾಗುತ್ತದೆ’ ಎಂದು ಉರು ಹೊಡೆಸುವ ನೋಟ್ಸ್‌ಗಳು ಕೈಗೆ ಸಿಕ್ಕಿದರೆ ಪಕ್ಕಕ್ಕಿಡಿ. ಅದು ನಾಶವಾಗುವುದಿಲ್ಲ, ನೆರಳಿನ ಮಗ್ಗುಲಿಗೆ ಸರಿಯುತ್ತದೆ. ಮೆಕ್ಕೆಜೋಳದ ಸಸಿಗಳಲ್ಲಿ ವಿನ್ಸ್ಲೋ ಬ್ರಿಗ್ಸ್ ಮತ್ತು ಸಂಗಡಿಗರು 1957ರಲ್ಲೇ ಇದನ್ನು ತೋರಿಸಿದ್ದಾರೆ.

ಗಿಡ ಗಮನಿಸುವುದು ಮುಖ್ಯವಾಗಿ ನೀಲಿ ಬೆಳಕನ್ನು. ನಂಬಿಕೆ ಬಾರದಿದ್ದರೆ ಎರಡು ರಟ್ಟಿನ ಪೆಟ್ಟಿಗೆಗಳ ಪಕ್ಕದಲ್ಲಿ ಒಂದೊಂದು ಕಿಂಡಿ ಕೊರೆದು, ಒಂದಕ್ಕೆ ಕೆಂಪು, ಇನ್ನೊಂದಕ್ಕೆ ನೀಲಿ ಜಿಲೆಟಿನ್ ಹಾಳೆ ಅಂಟಿಸಿ. ಒಳಗೆ ಆಗತಾನೇ ತಲೆ ಎತ್ತಿದ ಜೋಳದ ಮೊಳಕೆಗಳನ್ನಿಡಿ. ಕೆಂಪು ಹಾಳೆಯನ್ನು ಎರಡು ಪದರ ಮಾಡಿ, ಅಗ್ಗದ ಹಾಳೆಯಲ್ಲಿ ನೀಲಿಯೂ ತುಸು ನುಸುಳುತ್ತದೆ. ನೀಲಿ ಕಿಂಡಿಯತ್ತ ಬಾಗುವ ಮೊಳಕೆ ಕೆಂಪು ಕಿಂಡಿಯ ಮುಂದೆ ನೆಟ್ಟಗೆ ನಿಂತಿರುತ್ತದೆ.

ಇನ್ನು ನಿಮ್ಮ ಅವರೆ ಬೇರು. ಅದನ್ನು ಕೆಳಗೆ ಕರೆಯುವುದು ತೇವವೋ, ಕತ್ತಲೆಯೋ, ತೂಕವೋ? ಇಂಗ್ಲೆಂಡಿನ ಥಾಮಸ್ ನೈಟ್ 1806ರಲ್ಲಿ ತಮ್ಮ ತೋಟದ ನೀರಿನ ಹರಿವಿಗೆ ಚಕ್ರ ಹೂಡಿ, ಅದರ ಅಂಚಿಗೆ ಹುರುಳಿಕಾಯಿ ಜಾತಿಯ ಬೀಜಗಳನ್ನು ಕಟ್ಟಿ, ನಿಮಿಷಕ್ಕೆ ಸುಮಾರು 150 ಸುತ್ತಿನಂತೆ ತಿರುಗಲು ಬಿಟ್ಟರು. ಬೇರುಗಳೆಲ್ಲ ಚಕ್ರದಿಂದ ಹೊರಕ್ಕೆ, ಚಿಗುರುಗಳೆಲ್ಲ ನಡುವಿನ ಕಡೆಗೆ ಬೆಳೆದವು. ಭೂಮಿ ಕೆಳಕ್ಕೆ ಸೆಳೆಯುವ ಹಾಗೆ ಸುತ್ತುವ ಚಕ್ರ ಬೀಜವನ್ನು ಹೊರಕ್ಕೆ ಸೆಳೆಯುತ್ತದೆ. ಬೇರಿಗೆ ಮಣ್ಣು ಗೊತ್ತಿಲ್ಲ, ಸೆಳೆತ ಗೊತ್ತು ಎಂಬುದು ಅಲ್ಲಿಗೆ ಖಾತ್ರಿಯಾಯಿತು. ಈ ಚಕ್ರದಷ್ಟು ಚೆಂದದ ಪ್ರಯೋಗ ಸಸ್ಯಶಾಸ್ತ್ರದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಹಟ.

ಸೆಳೆತ ತಿಳಿಯುವ ಅಂಗ ಬೇರಿನ ತುದಿಯ ಟೊಪ್ಪಿಗೆಯಲ್ಲಿದೆ. ಅಲ್ಲಿನ ಕೋಶಗಳಲ್ಲಿ ಪಿಷ್ಟ ತುಂಬಿದ ಭಾರದ ಕಣಗಳಿವೆ. ಡಬ್ಬಿಯನ್ನು ಮಲಗಿಸಿದರೆ ಸಾಸಿವೆ ಪಕ್ಕಕ್ಕೆ ಜಾರುವ ಹಾಗೆ, ಬೇರು ಅಡ್ಡಲಾದೊಡನೆ ಈ ಕಣಗಳು ಕೋಶದ ಹೊಸ ತಳಕ್ಕೆ ಜಾರುತ್ತವೆ. ಹಾಬರ್‌ಲಾಂಡ್ಟ್ ಮತ್ತು ನೆಮೆಟ್ಸ್ ಎಂಬ ಇಬ್ಬರು 1900ರಲ್ಲಿ ಬೇರೆಬೇರೆಯಾಗಿ ಇದನ್ನೇ ಹೇಳಿದರು. ಕಣ ಜಾರಿದ ಮೇಲೆ ಆಕ್ಸಿನ್ ಕೆಳ ಮಗ್ಗುಲಲ್ಲಿ ಹೆಚ್ಚು ಸೇರುತ್ತದೆ. ಸೊಗಸು ಇರುವುದು ಇಲ್ಲಿ: ಕಾಂಡದಲ್ಲಿ ಬೆಳವಣಿಗೆಯನ್ನು ಚುರುಕುಗೊಳಿಸುವ ಅದೇ ಆಕ್ಸಿನ್, ಬೇರಿನಲ್ಲಿ ಅದಕ್ಕೆ ತಡೆ ಹಾಕುತ್ತದೆ. ಹಾಗಾಗಿ ಕಾಂಡ ಮೇಲಕ್ಕೆ, ಬೇರು ಕೆಳಕ್ಕೆ.

ಹಾಗೆಂದು ಎಲ್ಲ ಬೇರಿಗೂ ಇದೇ ಕಟ್ಟಳೆ ಎಂದುಕೊಳ್ಳಬೇಡಿ. ಹೊನ್ನಾವರದ ಕಡೆ ಹೋದರೆ ಶರಾವತಿಯ ಅಳಿವೆಯ ಕಾಂಡ್ಲಾ ಗಿಡಗಳನ್ನು ನೋಡಿ, ಕೆಲವು ಜಾತಿಗಳ ಉಸಿರಾಟದ ಬೇರುಗಳು ಕೆಸರಿನಿಂದ ಮೇಲಕ್ಕೆ ಚುಚ್ಚಿಕೊಂಡು ನಿಂತಿರುತ್ತವೆ. ಶೇಂಗಾದ್ದು ಇದಕ್ಕೆ ತದ್ವಿರುದ್ಧ: ಹೂವು ಅರಳುವುದು ನೆಲದ ಮೇಲೆ, ಆಮೇಲೆ ಅದರ ಬುಡದಿಂದ ಸೂಜಿಯಂಥ ಕಡ್ಡಿ ಇಳಿದು ಮಣ್ಣು ಹೊಕ್ಕು ಕಾಯಿಯಾಗುತ್ತದೆ.

ಪ್ರಶ್ನೆ: ಗಾಳಿಮಳೆಗೆ ನೆಲಕಚ್ಚಿದ ಭತ್ತದ ಪೈರು ಒಮ್ಮೊಮ್ಮೆ ತಾನೇ ಏಳುತ್ತದೆ, ಒಮ್ಮೊಮ್ಮೆ ಏಳುವುದಿಲ್ಲ. ಯಾಕೆ?
– ರೈತರೊಬ್ಬರು, ಗಂಗಾವತಿ

ಉತ್ತರ: ಗೆಣ್ಣನ್ನು ನೋಡಿ. ಪೈರು ಇಡಿಯಾಗಿ ಬಾಗಿ ಏಳುವುದಿಲ್ಲ, ಗೆಣ್ಣಿನ ಬಳಿ ಮೊಣಕೈಯಂತೆ ಮಡಿಸಿಕೊಂಡು ಏಳುತ್ತದೆ. ಅಲ್ಲಿನ ಕೋಶಗಳು ಬೆಳವಣಿಗೆ ನಿಲ್ಲಿಸಿದ್ದರೂ ಮಲಗಿಸಿದಾಗ ಕೆಳ ಮಗ್ಗುಲಲ್ಲಿ ಮತ್ತೆ ಉದ್ದವಾಗಬಲ್ಲವು. ಪೈರು ಎಳೆಯದಿದ್ದರೆ ಈ ಶಕ್ತಿ ಇರುತ್ತದೆ. ತೆನೆ ಬಲಿತು ದಂಟು ಒಣಗತೊಡಗಿದ್ದರೆ, ಮೇಲೆ ಕಾಳಿನ ಭಾರವೂ ಇದ್ದರೆ, ಕಾಯುವುದರಲ್ಲಿ ಅರ್ಥವಿಲ್ಲ. ನೀರು ಬಸಿದು ಬೇಗ ಕೊಯ್ಲು ಮಾಡಿ.

ಪ್ರಶ್ನೆ: ಸೂರ್ಯಕಾಂತಿ ದಿನವಿಡೀ ಸೂರ್ಯನ ಜೊತೆ ತಿರುಗುವುದು ನಿಜವೇ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಎಳೆಯ ಗಿಡ ಮತ್ತು ಮೊಗ್ಗು ತಿರುಗುವುದು ನಿಜ, ರಾತ್ರಿ ಮರಳಿ ಪೂರ್ವಕ್ಕೆ ಬರುವುದೂ ನಿಜ. ಅರಳಿ ಬಲಿತ ಹೂವು ತಿರುಗುವುದಿಲ್ಲ, ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗುವ ಹೂವಿಗೆ ಜೇನುನೊಣಗಳು ಹೆಚ್ಚು ಬರುತ್ತವೆ ಎಂದು 2016ರ ಒಂದು ಅಧ್ಯಯನ ತೋರಿಸಿದೆ. ಗುಂಡ್ಲುಪೇಟೆಯ ಹೊಲಗಳಿಗೆ ಫೋಟೊ ತೆಗೆಯಲು ಹೋಗುವುದಾದರೆ ಹೊಲದ ಪೂರ್ವದ ಬದುವಿನಲ್ಲಿ ನಿಂತುಕೊಳ್ಳಿ. ಪಶ್ಚಿಮದಿಂದ ತೆಗೆದರೆ ಬರೀ ಬೆನ್ನು ಬರುತ್ತದೆ. ಹೊಲದ ಒಳಗೆ ಮಾತ್ರ ಕಾಲಿಡಬೇಡಿ.