ಮಹಾನಗರದ ನೀರು: ನೀವು ಕೇಳಿದ್ದು, ನಾವು ಹೇಳಿದ್ದು

2001ರ ಜನಗಣತಿಯಲ್ಲಿ ಸುಮಾರು 57 ಲಕ್ಷ ಇದ್ದ ಬೆಂಗಳೂರಿನ ಜನಸಂಖ್ಯೆ 2011ರ ಹೊತ್ತಿಗೆ 85 ಲಕ್ಷ ಮುಟ್ಟಿತು. ನಡುವೆ, 2007ರಲ್ಲಿ, ಸುತ್ತಲಿನ 110 ಹಳ್ಳಿಗಳು ನಗರಕ್ಕೆ ಸೇರಿದವು. ಆ ಹಳ್ಳಿಗಳಿಗೆಂದು ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಚಾಲೂ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ಮನೆ ಮೊದಲು, ನೀರು ಆಮೇಲೆ ಎಂಬಂತೆ ಬೆಳೆದ ಊರಿದು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದೇ ಹಳ್ಳಿಗಳ ಕಡೆಯವು.

ವರ್ತೂರಿನ ಆಚೆ 30×40 ಸೈಟು ನೋಡಿದ್ದೇವೆ. ಇ-ಖಾತಾ ಇದೆ, ಬ್ಯಾಂಕೂ ಸಾಲಕ್ಕೆ ಒಪ್ಪಿದೆ. ಮಳೆಗಾಲದಲ್ಲಿ ನೀರು ನುಗ್ಗುತ್ತದೋ ಇಲ್ಲವೋ ಮೊದಲೇ ತಿಳಿಯಬಹುದೇ?

ತಿಳಿಯಬಹುದು, ಆದರೆ ಖಾತೆಯಿಂದಲ್ಲ. ಆಸ್ತಿ ಯಾರ ಹೆಸರಲ್ಲಿದೆ, ತೆರಿಗೆ ಯಾರು ಕಟ್ಟುತ್ತಾರೆ ಎನ್ನುವುದಷ್ಟೇ ಅದರಲ್ಲಿರುತ್ತದೆ. ಮೂಲಪತ್ರದಿಂದ ಸರ್ವೆ ನಂಬರು ಹುಡುಕಿಕೊಳ್ಳಿ. ಸೈಟಿನ ಮೇಲೆ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರು ಕಾಣುತ್ತದೆ. ಎರಡೂ ತಾಳೆಯಾಗಬೇಕು. ಆಮೇಲೆ ಗ್ರಾಮನಕ್ಷೆ ತೆಗೆದು ಕೆರೆ, ಕಾಲುವೆ, ಹಳ್ಳದ ಗೆರೆಗಳು ಎಲ್ಲಿ ಹಾದಿವೆ ನೋಡಿ.

ಪಹಣಿಯಲ್ಲಿ ಎರಡು ಮಾತು ಹುಡುಕಿ. ಒಂದು, ‘ಬಿ ಖರಾಬು’. ಅದು ಕೆರೆ, ಕಾಲುವೆ, ದಾರಿಗಳಂಥ ಸಾರ್ವಜನಿಕ ಜಾಗ. ಮಾರಲು ಯಾರಿಗೂ ಹಕ್ಕಿಲ್ಲ. ಇನ್ನೊಂದನ್ನು ಬಹಳ ಜನ ಗಮನಿಸುವುದೇ ಇಲ್ಲ: ಜಮೀನು ಖುಷ್ಕಿಯೋ (ಮಳೆ ನಂಬಿದ ಒಣಭೂಮಿ), ತರಿಯೋ? ತರಿ ಎಂದಿದ್ದರೆ ಅದು ನೀರಾವರಿ ಜಮೀನು, ಈ ಭಾಗದಲ್ಲಿ ಸಾಮಾನ್ಯವಾಗಿ ಕೆರೆ ಏರಿಯ ಕೆಳಗಿನ ಅಚ್ಚುಕಟ್ಟಿನ ಗದ್ದೆ. ತೂಬಿನ ನೀರು ತಾನಾಗಿ ಹರಿದು ಬರಲೆಂದೇ ಹಿರಿಯರು ಆ ತಗ್ಗನ್ನು ಗದ್ದೆ ಮಾಡಿದ್ದರು. ಮೇಲೆ ಮಣ್ಣು ತುಂಬಿಸಿ ಸೈಟು ಮಾಡಿದ ಮಾತ್ರಕ್ಕೆ ನೀರು ದಾರಿ ಬಿಡುವುದಿಲ್ಲ. ಕೆರೆ ಕೋಡಿ ಬಿದ್ದಾಗ ನೀರು ಎತ್ತ ಹೋಗುತ್ತಿತ್ತು ಎಂದು ಹಳೇ ಊರಿನ ಹಿರಿಯರನ್ನು ಕೇಳಿ, ಖಚಿತವಾಗಿ ತೋರಿಸುತ್ತಾರೆ.

ನಂತರ ರಾಜಕಾಲುವೆಯ ದಡದಲ್ಲಿ ನಡೆಯಿರಿ. ಮೇಲುಗಡೆ 20 ಅಡಿ ಅಗಲ ಇದ್ದದ್ದು ಕೆಳಗಡೆ ಎಂಟು ಅಡಿಯ ಮೋರಿಗೆ ಸೇರುತ್ತಿದ್ದರೆ, ಆ ಮೋರಿಯ ಹಿಂದಿನ ಮನೆಗಳೆಲ್ಲ ಜೋರು ಮಳೆಗೆ ಕೆರೆಯ ಭಾಗವಾಗುತ್ತವೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸು ಮುಳುಗಿದಾಗ ಇಂಥ ಕಿರಿದಾದ, ಒತ್ತುವರಿಯಾದ ಕಾಲುವೆಗಳೇ ದೊಡ್ಡ ಕಾರಣವಾಗಿದ್ದವು. ‘ಪರಿಷ್ಕೃತ ಮಹಾಯೋಜನೆ 2015’ ಕಾಲುವೆಯ ನಡುಗೆರೆಯಿಂದ ಮೊದಲ ದರ್ಜೆಗೆ 50 ಮೀಟರ್, ಎರಡನೆಯದಕ್ಕೆ 25, ಮೂರನೆಯದಕ್ಕೆ 15 ಮೀಟರ್ ಬಿಡಬೇಕೆನ್ನುತ್ತದೆ. ಟೇಪು ಹಿಡಿದು ನೀವೇ ಅಳೆಯಿರಿ, ದಲ್ಲಾಳಿಯ ಮಾತು ಬೇಡ. ಸುತ್ತಲಿನ ಕಾಂಪೌಂಡುಗಳ ಮೇಲೆ ಒಂದೇ ಮಟ್ಟದಲ್ಲಿ ಕಂದು ಗೆರೆ ಓಡಿದ್ದರೆ ಅದು ಹೋದ ಮಳೆಗಾಲದ ನೀರಿನ ಗುರುತು.

ಹೊಸ ಮನೆಗೆ ಮಳೆನೀರು ಮರುಪೂರಣ ಬಾವಿ ತೋಡಿಸಬೇಕು. ಅಳತೆ ಎಷ್ಟಿರಲಿ? ಪಕ್ಕದವರ ಬಾವಿಯಲ್ಲಿ ನೀರು ಇಂಗದೆ ನಿಂತು ಸೊಳ್ಳೆಯಾಗಿದೆ.

ಮೊದಲು ಲೆಕ್ಕ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿ.ಮೀ. 100 ಚದರ ಮೀಟರ್ ತಾರಸಿಯಿದ್ದರೆ, ಆವಿ-ಸೋರಿಕೆಗೆ ಶೇಕಡಾ 15 ಬಿಟ್ಟರೂ, ವರ್ಷಕ್ಕೆ 82 ಸಾವಿರ ಲೀಟರ್. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ ನಾಲ್ಕು ಜನರ ಮನೆಗೆ ಐದು ತಿಂಗಳ ನೀರು. ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ತರುವ ಊರಿನಲ್ಲಿ ಇದನ್ನು ಮೋರಿಗೆ ಬಿಡುವುದು ಸಂಕಟದ ಸಂಗತಿ.

ಆದ್ದರಿಂದ ಮಳೆನೀರು ಮೊದಲು ಸಂಪಿಗೆ ಹೋಗಲಿ, ಸಂಪು ತುಂಬಿದ ಮೇಲೆ ಬಾವಿಗೆ. ಮಳೆಯ ಮೊದಲ ಒಂದು ಮಿಲಿಮೀಟರು ಧೂಳು, ಹಕ್ಕಿಹಿಕ್ಕೆ ತೊಳೆದು ತರುತ್ತದೆ. 100 ಚದರ ಮೀಟರಿಗೆ ಅದೇ 100 ಲೀಟರ್ ಆಗುತ್ತದೆ. ಈ ಕೊಳೆನೀರನ್ನು ಬೇರೆ ಹಿಡಿದು ಚೆಲ್ಲಲು ಬಹಳ ಮನೆಗಳಲ್ಲಿ ಮೂರಡಿ ಪೈಪಿನ ತುಂಡು ಹಾಕಿಬಿಡುತ್ತಾರೆ. ನಾಲ್ಕಿಂಚಿನ ಪೈಪು ಮೀಟರಿಗೆ ಹಿಡಿಯುವುದು ಎಂಟೇ ಲೀಟರ್. ತಳದಲ್ಲಿ ನಲ್ಲಿಯಿರುವ ಡ್ರಮ್ಮೇ ಮೇಲು. ಜಾಲರಿ ಫಿಲ್ಟರನ್ನು ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ತೊಳೆಯಿರಿ.

ಬಾವಿಗೆ ಮೂರಡಿ ವ್ಯಾಸ, 20 ಅಡಿ ಆಳ ಸಾಕು. 4,000 ಲೀಟರ್ ಹಿಡಿಯುತ್ತದೆ. 50 ಮಿ.ಮೀ. ಜಡಿಮಳೆಗೆ ಆ ತಾರಸಿಯಿಂದ ಬರುವುದೂ ಹೆಚ್ಚುಕಡಿಮೆ ಅಷ್ಟೇ. ಒಂದಡಿ ಎತ್ತರದ ಕಾಂಕ್ರೀಟ್ ಬಳೆಗಳನ್ನು ಒಂದರ ಮೇಲೊಂದು ಕೂರಿಸಿ, ಹೊರಗಿನ ಸಂದಿಗೆ 20 ಮಿ.ಮೀ. ಜಲ್ಲಿ ತುಂಬಬೇಕು. ಬಳೆಗಳ ನಡುವೆ ಸಿಮೆಂಟು ಬೇಡ, ತಳಕ್ಕೂ ಬೇಡ. ನಿಮ್ಮ ಪಕ್ಕದವರ ತೊಂದರೆ ಬಹುಶಃ ಇಲ್ಲೇ ಇದೆ: ಗಾರೆಯವರು ‘ಗಟ್ಟಿಯಿರಲಿ’ ಎಂದು ಸಂದಿಗಳನ್ನು ಮುಚ್ಚಿದರೆ ಬಾವಿ ತೊಟ್ಟಿಯಾಗುತ್ತದೆ. ಜೇಡಿಮಣ್ಣೋ ಹಳೆ ಕೆರೆಯಂಗಳವೋ ಇದ್ದರೂ ನೀರು ಇಂಗದು. ಬಳೆ ಇಳಿಸುವ ಮೊದಲೇ ತೋಡಿದ ಗುಂಡಿಗೆ ಐದಾರು ಕೊಡ ನೀರು ಸುರಿದು ಒಂದು ರಾತ್ರಿ ಬಿಡಿ. ಬೆಳಿಗ್ಗೆಯೂ ನಿಂತಿದ್ದರೆ ಇನ್ನಷ್ಟು ಆಳಕ್ಕೆ ಹೋಗಬೇಕು, ಇಲ್ಲವೇ ಜಾಗ ಬದಲಿಸಬೇಕು. ಬಾವಿ ತೋಡುವುದನ್ನೇ ಪರಂಪರೆಯಿಂದ ಮಾಡಿಕೊಂಡು ಬಂದ ಮಣ್ಣುವಡ್ಡರು ನಗರದ ಸುತ್ತ ಇದ್ದಾರೆ. ಮಣ್ಣಿನ ಬಣ್ಣ ನೋಡಿಯೇ ಎಲ್ಲಿ ಇಂಗುತ್ತದೆಂದು ಹೇಳಬಲ್ಲರು. ನಗರ ಹರಡಿದಂತೆ ಅವರ ಕೈಗೆ ಮತ್ತೆ ಕೆಲಸ ಬಂದಿರುವುದು ಸಂತೋಷದ ವಿಷಯ.

ಪಾತ್ರೆ ತೊಳೆದ ನೀರನ್ನಾಗಲಿ, ಕಾರು ನಿಲ್ಲಿಸುವ ಕಡೆಯ ಎಣ್ಣೆನೀರನ್ನಾಗಲಿ ಇದಕ್ಕೆ ಖಂಡಿತ ಬಿಡಬೇಡಿ. ಒಮ್ಮೆ ಕೆಟ್ಟ ಅಂತರ್ಜಲವನ್ನು ತೊಳೆಯಲಾಗುವುದಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಕೊಳಚೆನೀರು ಶುದ್ಧೀಕರಣ ಘಟಕ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಸುಗಂಧದ ರಾಸಾಯನಿಕ ಹಾಕಿಸಿದರೂ ಹೋಗಲಿಲ್ಲ.

ಹೋಗುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಬ್ಯಾಕ್ಟೀರಿಯಾ, ಅವಕ್ಕೆ ಉಸಿರು ಬೇಕು. ಕರೆಂಟ್ ಬಿಲ್ ಉಳಿಸಲು ರಾತ್ರಿ ತೊಟ್ಟಿಗೆ ಗಾಳಿ ಊದುವ ಬ್ಲೋವರ್ ನಿಲ್ಲಿಸುತ್ತಿದ್ದಾರೆಯೇ, ಮೊದಲು ವಿಚಾರಿಸಿ. ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಇರಬೇಕು.

ಪರೀಕ್ಷೆ ಸುಲಭ. ಗಾಳಿತೊಟ್ಟಿಯಿಂದ ಒಂದು ಲೀಟರ್ ನೀರನ್ನು ಗಾಜಿನ ಜಾರಿಗೆ ತೆಗೆದು ಅರ್ಧ ಗಂಟೆ ಅಲುಗಿಸದೆ ಇಡಿ. ಚಾಕೊಲೇಟ್ ಬಣ್ಣದ ಕೆಸರು 300ರಿಂದ 400 ಮಿಲಿಲೀಟರ್ ಮಟ್ಟಕ್ಕೆ ಇಳಿದು, ಮೇಲೆ ತಿಳಿನೀರು ನಿಂತು, ಒದ್ದೆಮಣ್ಣಿನ ವಾಸನೆ ಬಂದರೆ ಆರೋಗ್ಯವಾಗಿದೆ. ಕಪ್ಪಾಗಿದ್ದರೆ ಗಾಳಿ ಸಾಲದು. ತಳದಲ್ಲಿ 100 ಮಿ.ಲೀ. ಕೂಡ ಇಲ್ಲದಿದ್ದರೆ ಬ್ಯಾಕ್ಟೀರಿಯಾ ಸತ್ತಿವೆ: ಬಚ್ಚಲು ತೊಳೆಯುವ ಆಸಿಡ್, ಬ್ಲೀಚಿಂಗ್ ಪುಡಿ ಅತಿಯಾಗಿರಬಹುದು. ಆಗ ಚೆನ್ನಾಗಿ ನಡೆಯುವ ಇನ್ನೊಂದು ಘಟಕದ ಕೆಸರು ತಂದು ಹೆಪ್ಪು ಹಾಕಿದ ಹಾಗೆ ಸೇರಿಸಬೇಕು. ಎರಡು ಮೂರು ವಾರ ಕಾಯಿರಿ.

ಘಟಕ ಸರಿಯಾದರೆ ಅದು ಹೊರೆಯಲ್ಲ. ಶೌಚಕ್ಕೆ, ತೋಟಕ್ಕೆ ಬಳಸಿ ಮಿಕ್ಕಿದ್ದನ್ನು ಮಾರಲು 2024ರಿಂದ ಸರ್ಕಾರದ ಅನುಮತಿಯೂ ಇದೆ, ಅರ್ಧದಷ್ಟರವರೆಗೆ. ಇದೇ ನಗರದ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ.

ಒಂದು ಮಾತು ಮಾತ್ರ ಕಡ್ಡಾಯ: ಕಟ್ಟಿಕೊಂಡಿದೆಯೆಂದು ಯಾರನ್ನೂ ತೊಟ್ಟಿಯೊಳಗೆ ಇಳಿಸಬೇಡಿ. ಒಳಗಿನ ವಿಷಾನಿಲ ನಿಮಿಷಗಳಲ್ಲಿ ಕೊಲ್ಲುತ್ತದೆ, ಕಾನೂನಿನಲ್ಲೂ ಅಪರಾಧ. ಯಂತ್ರ ತರಿಸಿ.

1,100 ಅಡಿ ಬೋರು ಬತ್ತಿದೆ. ಇನ್ನೂ 400 ಅಡಿ ಇಳಿಸಲೇ?

ಆತುರ ಬೇಡ. ಪಂಪನ್ನು ಒಂದು ದಿನ ನಿಲ್ಲಿಸಿ, ತೂಕ ಕಟ್ಟಿದ ಹಗ್ಗ ಇಳಿಸಿ ನೀರಿನ ಮಟ್ಟ ಅಳೆಯಿರಿ. ಮಟ್ಟ ಏರಿದ್ದರೆ ಬೋರು ಬದುಕಿದೆ, ದಿನಕ್ಕೆ ಕಡಿಮೆ ಹೊತ್ತು ಎತ್ತಬೇಕು ಅಷ್ಟೆ. ನಮ್ಮದು ಗಟ್ಟಿ ಕಲ್ಲಿನ ನೆಲ, ನೀರಿರುವುದು ಬಿರುಕುಗಳಲ್ಲಿ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ, ಖರ್ಚು ಜಾಸ್ತಿ. ಹೊಸದಾಗಿ ಕೊರೆಸುವುದಿದ್ದರೆ ಮೊದಲು ಅನುಮತಿ ಪಡೆಯಿರಿ. ಹಳೆಯದು ನಿಜಕ್ಕೂ ಬತ್ತಿದ್ದರೆ ಅದರ ಬಾಯಿಗೆ ಇವತ್ತೇ ಕಬ್ಬಿಣದ ಮುಚ್ಚಳ ಬೆಸೆಸಿ. ಗೋಣಿಚೀಲ, ಚಪ್ಪಡಿ ಸಾಲದು, ಮಕ್ಕಳು ಆಡುವ ಜಾಗ.