ದಿ ವಿಚರ್ ಗೇಮ್‌ನ ಎಲ್ಫ್‌ಗಳು ಒಳ್ಳೆಯವರಾ, ಕೆಟ್ಟವರಾ?

ಎರಡೂ ಹೌದು. ಈ ಫ್ಯಾಂಟಸಿ ವಿಡಿಯೋ ಗೇಮ್‌ನಲ್ಲಿ ಎಲ್ಫ್ ಅಂದರೆ ಮನುಷ್ಯರಂತೆಯೇ ಕಾಣುವ, ಚೂಪು ಕಿವಿಯ ಒಂದು ಕಾಲ್ಪನಿಕ ಕುಲ. ಅನ್ಯಾಯಕ್ಕೆ ಒಳಗಾದವರೂ ಅವರೇ, ದಾರಿಹೋಕರನ್ನು ಕೊಲ್ಲುವವರೂ ಅವರೇ. ಕಥೆ ನಡೆಯುವ ನೆಲದಲ್ಲಿ ಅವರು ಮನುಷ್ಯರಿಗಿಂತ ಮೊದಲೇ ಇದ್ದರು. ಆಮೇಲೆ ಬಂದ ಮನುಷ್ಯರು ಅವರ ಊರುಗಳ ಮೇಲೇ ತಮ್ಮ ಊರು ಕಟ್ಟಿಕೊಂಡು, ಉಳಿದವರನ್ನು ಊರಂಚಿನ ಕೇರಿಗಳಿಗೆ ತಳ್ಳಿದರು.

ನಿಜವಾದ ಗಂಟು ಬೇರೆ ಇದೆ. ಎಲ್ಫ್‌ಗಳು ನೂರಾರು ವರ್ಷ ಬದುಕುತ್ತಾರೆ, ಆದರೆ ಮಕ್ಕಳಾಗುವುದು ಹರೆಯದಲ್ಲಿ ಮಾತ್ರ. ಹಿಂದಿನ ಒಂದು ದಂಗೆಯಲ್ಲಿ ಸತ್ತವರು ಆ ಹರೆಯದವರೇ. ಹಾಗಾಗಿ ಸುಮ್ನೆ ಕೂತರೂ ಕುಲ ಕರಗುತ್ತದೆ, ಹೋರಾಡಿದರೆ ಇನ್ನೂ ಬೇಗ ಕರಗುತ್ತದೆ. ಕೆಲವರು ಸ್ಕೋಯಾಟೇಲ್ ಅನ್ನುವ ಬಂಡುಕೋರ ಗುಂಪು ಸೇರಿ, ಸೈನಿಕ, ವ್ಯಾಪಾರಿ ಅಂತ ನೋಡದೆ ಬಾಣ ಬಿಡುತ್ತಾರೆ. ಅವರನ್ನು ಯುದ್ಧಕ್ಕೆ ಬಳಸಿಕೊಂಡ ನಿಲ್ಫ್‌ಗಾರ್ಡ್ ಸಾಮ್ರಾಜ್ಯ, ಸಂಧಿಯಾದ ಮೇಲೆ ಆ ಎಲ್ಫ್ ಅಧಿಕಾರಿಗಳನ್ನೇ ಶತ್ರುಗಳ ಕೈಗೆ ಒಪ್ಪಿಸಿತು. ಎಂಥಾ ದ್ರೋಹ ಅಲ್ವಾ?

2011ರ ಎರಡನೇ ಗೇಮ್‌ನಲ್ಲಿ ಈ ತಲೆನೋವು ನೇರವಾಗಿ ನಿಮಗೇ ಬರುತ್ತದೆ: ಬಂಡುಕೋರ ಯೋರ್ವೆತ್ ಜೊತೆ ಹೋಗ್ತೀರಾ, ಅವನ ಬೆನ್ನು ಹತ್ತಿದ ಸೇನಾಧಿಕಾರಿ ರೋಶ್ ಜೊತೆಗಾ? ಹುಬ್ಬಳ್ಳಿಯ ನಮ್ಮ ಗೆಳೆಯರ ಗುಂಪಿನಲ್ಲಿ ಗಿರ್ಮಿಟ್ ತಿನ್ನುತ್ತಾ ಇದಕ್ಕೇ ಜಗಳ. ನಾನು ಯೋರ್ವೆತ್ ಕಡೆ, ಅವನ ಕೈಗೆ ರಕ್ತ ಅಂಟಿದ್ದರೂ. ನೀವು ಎರಡು ಸಲ ಆಡಿ, ಆಯ್ಕೆಯ ಮೇಲೆ ಎರಡನೇ ಅಧ್ಯಾಯವೇ ಬೇರೆಯಾಗುತ್ತದೆ.